ಮಗಳು ವಕೀಲಿಗೆ ಹೋಗಲಿ ಶೆಟ್ರೇ, ಲಂಡನ್ನಿಗೆ ಅವಸರ ಬೇಡ

ಡೊಂಬಿವಲಿಯಿಂದ ಶೆಟ್ಟರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಮಗಳ ವಿಷಯ, ಹೆಸರು ಹಾಕಬೇಡಿ ಎಂದಿದ್ದಾರೆ. ಹಾಕಿಲ್ಲ. ಪತ್ರದ ಮುಖ್ಯ ಭಾಗ ಇದು:

"ಹೋದ ಸಂಚಿಕೆಯಲ್ಲಿ ಲಂಡನ್ನಿನ ಬ್ಯಾರಿಸ್ಟರ್ ಒಬ್ಬರ ಬಗ್ಗೆ ಲೇಖನ ಹಾಕಿದಿರಿ. ಕಟ್ಟಡ, ಸೇತುವೆ, ಸುರಂಗದ ತಕರಾರುಗಳಲ್ಲಿ ವಾದ ಮಾಡುವುದೇ ಅವರ ಕಸುಬು, ಅದಕ್ಕಾಗಿ ದೇಶ ದೇಶ ಸುತ್ತುತ್ತಾರೆ ಅಂತ. ನನ್ನ ಮಗಳು ಸಿವಿಲ್ ಇಂಜಿನಿಯರ್. ಮೆಟ್ರೋ ಸೈಟಿನಲ್ಲಿ ಮೂರು ವರ್ಷ ಆಯ್ತು. ಲೇಖನ ಓದಿದ್ದೇ ತಡ, ಕೆಲಸ ಬಿಟ್ಟು ಲಾ ಓದುತ್ತೇನೆ, ಆಮೇಲೆ ಲಂಡನ್ನಿಗೆ ಹೋಗಿ ಬ್ಯಾರಿಸ್ಟರ್ ಆಗುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಇಂಜಿನಿಯರಿಂಗ್ ಓದಿಸಿದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತಾ? ಕಟ್ಟುವವಳು ಕಟ್ಟುವುದು ಬಿಟ್ಟು ಜಗಳದಲ್ಲಿ ಅನ್ನ ಹುಡುಕಬೇಕಾ? ಅಲ್ಲಿ ಬ್ಯಾರಿಸ್ಟರ್ ಆಗಿ ಬಂದರೆ ಇಲ್ಲಿ ಬೆಲೆ ಇದೆಯಾ?"

ಶೆಟ್ರೇ, ಕೊನೆಯ ಪ್ರಶ್ನೆ ಮೊದಲು ಮುಗಿಸೋಣ. ಅದಕ್ಕೆ ಉತ್ತರ ಕಾಯ್ದೆಯಲ್ಲೇ ಇದೆ. ನಮ್ಮಲ್ಲಿ ವಕೀಲರಿಗೆ ಇರುವುದು 1961ರ ಅಡ್ವೊಕೇಟ್ಸ್ ಕಾಯ್ದೆ. ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರ್ ಆದವರನ್ನು ಆ ಒಂದು ಕಾರಣಕ್ಕೇ ಇಲ್ಲಿ ವಕೀಲರಾಗಿ ಸೇರಿಸಿಕೊಳ್ಳುವ ಅವಕಾಶ ಅದರಲ್ಲಿ ಇತ್ತು. ಆದರೆ 1976ರ ಡಿಸೆಂಬರ್ 31ರೊಳಗೆ ಬ್ಯಾರಿಸ್ಟರ್ ಆದವರಿಗೆ ಮಾತ್ರ. ಗಾಂಧಿ, ಜಿನ್ನಾ, ಅಂಬೇಡ್ಕರ್ ಲಂಡನ್ನಿನಿಂದ ಬಂದು ನೇರ ಬಾಂಬೆಯ ಕೋರ್ಟುಗಳಲ್ಲಿ ನಿಂತ ಕಾಲ ಮುಗಿದು ಸುಮಾರು ಅರ್ಧ ಶತಮಾನ ಆಯ್ತು. ಇವತ್ತು ನಿಮ್ಮ ಮಗಳು ಬಾಂಬೆ ಹೈಕೋರ್ಟಿನಲ್ಲಿ ಎದ್ದು ಮಾತಾಡಬೇಕು ಅಂದರೆ ಬಾರ್ ಕೌನ್ಸಿಲ್ ಒಪ್ಪುವ ಕಾನೂನು ಪದವಿ ಬೇಕು, ಸನದು (ವಕೀಲಿ ಮಾಡುವ ಪರವಾನಗಿ) ಬೇಕು, ಆಲ್ ಇಂಡಿಯಾ ಬಾರ್ ಪರೀಕ್ಷೆ ಪಾಸಾಗಬೇಕು. ಲಂಡನ್ನಿನ ಕರಿ ಗೌನು ಗೋಡೆಗೆ ನೇತುಹಾಕುವುದಕ್ಕೆ ಚೆಂದ.

ಹಾಗಂತ ಅಲ್ಲಿನ ಕಸುಬು ಸಣ್ಣದಲ್ಲ. ಇಂಗ್ಲೆಂಡಿನಲ್ಲಿ ವಕೀಲರಲ್ಲಿ ಎರಡು ಬಗೆ ಇರುವುದು ನಿಮಗೆ ಗೊತ್ತು. ಸಾಲಿಸಿಟರ್ ಕಕ್ಷಿದಾರನನ್ನು ನೋಡಿಕೊಳ್ಳುತ್ತಾರೆ, ಬ್ಯಾರಿಸ್ಟರ್ ವಾದ ಮಾಡುತ್ತಾರೆ. ಬಾಂಬೆ ಹೈಕೋರ್ಟಿನ ಒರಿಜಿನಲ್ ಸೈಡಿನಲ್ಲಿ, ಅಂದರೆ ಕೇಸು ನೇರ ಹೈಕೋರ್ಟಿನಲ್ಲೇ ಶುರುವಾಗುವ ವಿಭಾಗದಲ್ಲಿ, ಆ ಪದ್ಧತಿಯ ನೆರಳು ಈಗಲೂ ಕಾಣುತ್ತದೆ. ಅಲ್ಲಿನ ಬ್ಯಾರಿಸ್ಟರುಗಳಲ್ಲಿ ಬಹಳ ಮಂದಿಗೆ ಸಂಬಳ ಕೊಡುವ ಧಣಿ ಇಲ್ಲ. ಹತ್ತಾರು ಜನ ಸೇರಿ ಒಂದು ಚೇಂಬರ್ಸ್ ಮಾಡಿಕೊಂಡು, ಬಾಡಿಗೆ ಮತ್ತು ಕ್ಲರ್ಕಿನ ಖರ್ಚು ಹಂಚಿಕೊಳ್ಳುತ್ತಾರೆ. ಒಂದು ವರ್ಷ ಹಿರಿಯರ ಕೈಕೆಳಗೆ ಪ್ಯೂಪಿಲೇಜ್, ಅಂದರೆ ತರಬೇತಿ. ಅದು ಸಿಗುವುದೇ ದೊಡ್ಡ ಕಷ್ಟ. ಕಟ್ಟಡದ ತಕರಾರುಗಳಿಗೇ ಅಂತ ಲಂಡನ್ನಿನಲ್ಲಿ ಬೇರೆ ಕೋರ್ಟ್ ಇದೆ. ಟೆಕ್ನಾಲಜಿ ಅಂಡ್ ಕನ್‌ಸ್ಟ್ರಕ್ಷನ್ ಕೋರ್ಟ್ ಎಂಬ ಹೆಸರು ಬಂದದ್ದು 1998ರಲ್ಲಿ. ಅದಕ್ಕೆ ಮುಂಚೆ ನೂರು ವರ್ಷಕ್ಕೂ ಜಾಸ್ತಿ ಇಂಥ ಕೇಸುಗಳನ್ನು ಅಫಿಶಿಯಲ್ ರೆಫರಿ ಎಂಬ ನ್ಯಾಯಾಧಿಕಾರಿಗಳು ನೋಡುತ್ತಿದ್ದರು.

ಇನ್ನು ನಿಮ್ಮ ಹುಣಸೆಹಣ್ಣಿನ ಪ್ರಶ್ನೆ. ನಾನು ಬರೆಯಲು ಕುಳಿತದ್ದೇ ಇದಕ್ಕಾಗಿ. ಈ ಕೆಲಸದಲ್ಲಿ ಗೆಲುವು ಸೋಲು ತೀರ್ಮಾನ ಆಗುವುದು ವಾದ ಮಾಡುವ ದಿನ ಅಲ್ಲ. ವರ್ಷಗಳ ಹಿಂದೆ, ಸೈಟಿನ ಟಿನ್ ಶೆಡ್ಡಿನಲ್ಲಿ ಯಾರೋ ಜೂನಿಯರ್ ಇಂಜಿನಿಯರ್ ಒಂದು ರಿಜಿಸ್ಟರಿನಲ್ಲಿ ನಾಲ್ಕು ಸಾಲು ಬರೆದ ದಿನ. ನಿಮ್ಮ ಮಗಳು ಮೂರು ವರ್ಷ ಮಾಡಿದ್ದು ಅದೇ ಕೆಲಸ ಅಲ್ವಾ?

ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ. ಮೆಟ್ರೋ ಕಂಬಕ್ಕೆ ರಸ್ತೆ ಮಧ್ಯೆ ಪೈಲ್ (ನೆಲದೊಳಗೆ ಆಳಕ್ಕೆ ಇಳಿಯುವ ಅಡಿಪಾಯ) ಹಾಕಬೇಕು. ಡ್ರಾಯಿಂಗಿನಲ್ಲಿ ನೆಲದಡಿ ಏನೂ ಇಲ್ಲ. ಅಗೆದರೆ ನೀರಿನ ದೊಡ್ಡ ಪೈಪು. ಮುಂಬೈಯಲ್ಲಿ ಇದು ದಿನನಿತ್ಯದ ಕಥೆ. ಪೈಪು ಸರಿಸಲು ಪಾಲಿಕೆಯ ಒಪ್ಪಿಗೆ ಬರಬೇಕು, ತಿಂಗಳುಗಟ್ಟಲೆ ರಿಗ್ (ಕೊರೆಯುವ ಮೆಷಿನ್) ಸುಮ್ನೆ ನಿಂತಿದೆ. ಕಂಟ್ರಾಕ್ಟರ್ ಹೇಳುತ್ತಾನೆ: ನನ್ನ ತಪ್ಪಲ್ಲ, ಇಷ್ಟು ದಿನ ಟೈಮ್ ಎಕ್ಸ್‌ಟೆನ್ಶನ್ ಕೊಡಿ, ನಿಂತ ಮೆಷಿನ್ನಿನ ಬಾಡಿಗೆ ಕೊಡಿ. ಕೆಲಸ ಕೊಟ್ಟವರು ಹೇಳುತ್ತಾರೆ: ಕೊಡುವುದಿಲ್ಲ, ತಡ ಮಾಡಿದ್ದಕ್ಕೆ ಎಲ್.ಡಿ. (ತಡಕ್ಕೆ ಕರಾರಿನಲ್ಲೇ ಗೊತ್ತುಮಾಡಿದ ಪರಿಹಾರ) ಹಿಡಿಯುತ್ತೇವೆ. ಕೇಸು ಆರ್ಬಿಟ್ರೇಷನ್ನಿಗೆ, ಅಂದರೆ ಕೋರ್ಟಿನ ಹೊರಗೆ ಮಧ್ಯಸ್ಥರ ಮುಂದೆ, ಹೋಗುತ್ತದೆ.

ಅಲ್ಲಿ ಮೊದಲು ಕೇಳುವ ಪ್ರಶ್ನೆ: ನೋಟಿಸ್ ಯಾವಾಗ ಕೊಟ್ಟಿರಿ? ಹೊರದೇಶದ ಸಂಸ್ಥೆಗಳು ಸಾಲ ಕೊಡುವ ದೊಡ್ಡ ಕೆಲಸಗಳಲ್ಲಿ ಸಾಮಾನ್ಯವಾಗಿ ಫಿಡಿಕ್ (ಸಲಹೆಗಾರ ಇಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟ) ಮಾದರಿಯ ಕರಾರು ಇರುತ್ತದೆ. ಅದರ ಪ್ರಕಾರ ತೊಂದರೆ ಗೊತ್ತಾದ 28 ದಿನದೊಳಗೆ ಲಿಖಿತ ನೋಟಿಸ್ ಹೋಗಬೇಕು. ಹೋಗಿಲ್ಲ ಅಂದರೆ ಕ್ಲೇಮೇ ಸತ್ತುಹೋಗಬಹುದು. ಭಾರತದ ಕಾನೂನಿನಲ್ಲಿ ಇಂಥ ಷರತ್ತು ಎಷ್ಟು ನಿಲ್ಲುತ್ತದೆ ಎಂಬುದೇ ಬೇರೆ ವಾದ, ಏಕೆಂದರೆ ಹಕ್ಕು ಕೇಳುವ ಅವಧಿಯನ್ನು ಕರಾರಿನಿಂದ ಮೊಟಕು ಮಾಡದಂತೆ ತಡೆಯುವ ಕಾಂಟ್ರಾಕ್ಟ್ ಕಾಯ್ದೆಯ 28ನೇ ಕಲಂ ಅಡ್ಡ ಬರುತ್ತದೆ. ಎರಡನೇ ಪ್ರಶ್ನೆ: ಕೆಲಸಕ್ಕೆ ಬಂದ ಅಡಚಣೆ ಬರೆದಿಡುವ ಹಿಂಡ್ರೆನ್ಸ್ ರಿಜಿಸ್ಟರಿನಲ್ಲಿ ಎರಡೂ ಕಡೆಯ ಸಹಿ ಇದೆಯಾ? ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ಪೈಪು ಸಿಗದಿದ್ದರೂ ಆ ತಿಂಗಳು ನಿಮ್ಮ ಕೆಲಸ ನಡೆಯುತ್ತಿತ್ತಾ? ಎದುರಿನ ವಕೀಲರು ಅದೇ ತಿಂಗಳ ಡಿ.ಪಿ.ಆರ್. (ಸೈಟಿನ ದಿನದಿನದ ವರದಿ) ತೆಗೆದು ತೋರಿಸುತ್ತಾರೆ: ರಿಗ್ ಬ್ರೇಕ್‌ಡೌನ್, ಎಂಟು ದಿನ. ಲೇಬರ್ ಇಲ್ಲ, ಪಂಚಮಿಗೆ ಯಾದಗಿರಿ, ಕಲಬುರಗಿಗೆ ಹೋಗಿದ್ದಾರೆ, ಹತ್ತು ದಿನ. ಹಾಗಾದರೆ ತಡ ಯಾರದ್ದು? ಇಬ್ಬರದ್ದೂ ಸೇರಿದ ತಡವನ್ನು ಬಿಡಿಸುವುದಕ್ಕೇ ಪ್ರೋಗ್ರಾಮ್ ಚಾರ್ಟುಗಳನ್ನು ಹರಡಿಕೊಂಡು ಕೂರುವ ಡಿಲೇ ಎಕ್ಸ್‌ಪರ್ಟ್‌ಗಳು ಇದ್ದಾರೆ. ಅವರನ್ನು ಪಾಟೀ ಸವಾಲಿನಲ್ಲಿ ಹಿಡಿದು ನಿಲ್ಲಿಸುವ ವಕೀಲರಿಗೆ ಒಳ್ಳೆಯ ಬೇಡಿಕೆ ಇದೆ.

ಕಾನೂನು ಮಾತ್ರ ಓದಿದವರಿಗೆ ಡಿ.ಪಿ.ಆರ್. ಅಂದರೆ ಸಾಕ್ಷ್ಯ. ನಿಮ್ಮ ಮಗಳಿಗೆ ಅದು ಹೇಗೆ ಹುಟ್ಟುತ್ತದೆ ಎಂದೂ ಗೊತ್ತು. ಎಷ್ಟೋ ಸಲ ಇಡೀ ವಾರದ್ದನ್ನು ಶನಿವಾರ ಸಂಜೆ ಒಟ್ಟಿಗೆ ತುಂಬುತ್ತಾರೆ, ಒಂದೇ ಪೆನ್ನು, ಒಂದೇ ಕೈಬರಹ. ಈ ತಿಳಿವಳಿಕೆ ಯಾವ ಲಾ ಕಾಲೇಜಿನಲ್ಲೂ ಸಿಗುವುದಿಲ್ಲ. ಹಾಗಾಗಿ ಇಂಜಿನಿಯರಿಂಗ್ ವೇಸ್ಟ್ ಆಯ್ತು ಅನ್ನುವ ಮಾತು ಬಿಡಿ.

ಮಳೆಯ ವಿಷಯವೂ ಹೀಗೇ. ಜೂನಿನಲ್ಲಿ ಮಳೆ ಬಂತು, ಕೆಲಸ ನಿಂತಿತು ಅಂದರೆ ಯಾವ ಆರ್ಬಿಟ್ರೇಟರೂ ಕರಗುವುದಿಲ್ಲ. ಮುಂಬೈಯಲ್ಲಿ ಟೆಂಡರ್ ಹಾಕುವವನಿಗೆ ಮಳೆಗಾಲ ಗೊತ್ತಿರಬೇಕು. ಆದರೆ 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿಯಿತಲ್ಲ, ಅದು ಬೇರೆ. ಮಾಮೂಲಿ ಮಳೆ ಎಲ್ಲಿ ಮುಗಿಯಿತು, ಅಸಾಮಾನ್ಯ ಮಳೆ ಎಲ್ಲಿ ಶುರುವಾಯಿತು ಎಂದು ಹವಾಮಾನ ಇಲಾಖೆಯ ಹಳೆಯ ಲೆಕ್ಕ ಇಟ್ಟುಕೊಂಡು ವಾದ ನಡೆಯುತ್ತದೆ. ಮುಂಬೈಯ ಕೋಸ್ಟಲ್ ರೋಡ್ ನೆನಪಿದೆಯಾ? 2019ರ ಜುಲೈಯಲ್ಲಿ ಹೈಕೋರ್ಟ್ ಪರಿಸರ ಅನುಮತಿ ರದ್ದು ಮಾಡಿತು, ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಕೆಲಸ ನಿಂತ ಅಂಥ ಐದು ತಿಂಗಳ ಖರ್ಚು ಯಾರ ತಲೆಗೆ? ಕರಾರಿನ ಯಾವುದೋ ಪುಟದ ಯಾವುದೋ ಉಪ ಕಲಮಿನಲ್ಲಿ ಉತ್ತರ ಇರುತ್ತದೆ. ಇಲ್ಲದಿದ್ದರೆ ವಕೀಲರಿಗೆ ಕೆಲಸ ಇರುತ್ತದೆ.

"ಜಗಳದಲ್ಲಿ ಅನ್ನ" ಎಂದು ಬರೆದಿದ್ದೀರಿ. ಗಾಂಧಿಯನ್ನೇ ಸಾಕ್ಷಿಗೆ ಕರೆಯುತ್ತೇನೆ. 1891ರಲ್ಲಿ ಬ್ಯಾರಿಸ್ಟರ್ ಆಗಿ ಬಂದವರು ಬಾಂಬೆಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಕೇಸಿಗೆ ಎದ್ದು ನಿಂತಾಗ ಬಾಯೇ ಬರಲಿಲ್ಲ. ಫೀಸು ವಾಪಸ್ ಕೊಡಬೇಕಾಯಿತು. ಅವರಿಗೆ ವಕೀಲಿ ಕೈಗೆ ಹತ್ತಿದ್ದು ದಕ್ಷಿಣ ಆಫ್ರಿಕದಲ್ಲಿ, ದಾದಾ ಅಬ್ದುಲ್ಲಾ ಎಂಬ ವ್ಯಾಪಾರಿಯ ಕೇಸಿನಲ್ಲಿ. ಅದರಲ್ಲಿ ಲೆಕ್ಕದ ತೊಡಕು ಬಹಳ ಇತ್ತು. ಅವರು ಲೆಕ್ಕ ಬರೆಯುವುದರ ಮೇಲೆ ಒಂದು ಪುಸ್ತಕ ತರಿಸಿಕೊಂಡು ಕಲಿತರು. ಸಂಗತಿ ಗಟ್ಟಿ ಇದ್ದರೆ ಕಾನೂನು ತಾನಾಗಿ ಹಿಂದೆ ಬರುತ್ತದೆ ಎಂದು ಅಲ್ಲಿ ಮನಗಂಡರು. ಆಮೇಲೆ ಎರಡೂ ಕಡೆಯವರನ್ನು ಒಪ್ಪಿಸಿ ಕೇಸನ್ನು ಆರ್ಬಿಟ್ರೇಟರ್ ಮುಂದೆ ಹಾಕಿಸಿದರು. ಅಬ್ದುಲ್ಲಾ ಗೆದ್ದರು. ಸೋತ ತಯ್ಯಬ್ ಶೇಠರು 37,000 ಪೌಂಡ್ ಒಂದೇ ಗಂಟಿನಲ್ಲಿ ಕೊಟ್ಟರೆ ಮುಳುಗುತ್ತಾರೆ ಅಂತ ಕಂತಿನಲ್ಲಿ ಕೊಡುವ ಏರ್ಪಾಡನ್ನೂ ಗಾಂಧಿಯೇ ಮಾಡಿಸಿದರು. ಇಬ್ಬರೂ ವ್ಯಾಪಾರದಲ್ಲಿ ಉಳಿದರು.

ಇನ್ನೊಂದು ಮಾತು. ದೊಡ್ಡ ಕಂಟ್ರಾಕ್ಟರನ ಆರ್.ಎ. ಬಿಲ್ (ಕೆಲಸ ಸಾಗಿದಂತೆ ಆಗಾಗ ಕೊಡುವ ಬಿಲ್) ನಿಂತರೆ ಸಬ್ ಕಂಟ್ರಾಕ್ಟರನ ಬಿಲ್ ನಿಲ್ಲುತ್ತದೆ, ಅವನದ್ದು ನಿಂತರೆ ಮೇಸ್ತ್ರಿಯದ್ದು, ಕೊನೆಗೆ ಕೂಲಿಗಾಗಿ ಜನ ಕಾದು ನಿಲ್ಲುವ ನಾಕಾದಿಂದ ಬಂದ ನಮ್ಮ ಕಡೆಯ ಕೂಲಿಯವರ ಹಾಜರಿ ದುಡ್ಡು. ಇಂಗ್ಲೆಂಡಿನವರು ಇದಕ್ಕೆ 1996ರಲ್ಲಿ ಒಂದು ಕಾಯ್ದೆ ತಂದರು. ತಕರಾರು ಬಂದರೆ ಒಬ್ಬ ಅಡ್ಜುಡಿಕೇಟರ್ 28 ದಿನದಲ್ಲಿ ತಾತ್ಕಾಲಿಕ ತೀರ್ಮಾನ ಕೊಡಬೇಕು. ಮೊದಲು ದುಡ್ಡು ಕೊಡು, ವಾದ ಆಮೇಲೆ ಮಾಡು. ಅಲ್ಲಿನ ಕನ್‌ಸ್ಟ್ರಕ್ಷನ್ ಬ್ಯಾರಿಸ್ಟರುಗಳ ದಿನಚರಿಯನ್ನೇ ಈ ಕಾಯ್ದೆ ಬದಲಿಸಿತು. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ಬರಬೇಕು ಅನ್ನುವುದು ನನ್ನ ಅಭಿಪ್ರಾಯ.

ಕಸುಬಿನ ಕಷ್ಟವನ್ನೂ ಹೇಳಬೇಕು. ನಮ್ಮ 1996ರ ಆರ್ಬಿಟ್ರೇಷನ್ ಕಾಯ್ದೆಯ ಪ್ರಕಾರ, ಇಲ್ಲಿನ ಕೇಸುಗಳಲ್ಲಿ ಎರಡೂ ಕಡೆಯ ಹೇಳಿಕೆ ಮುಗಿದ 12 ತಿಂಗಳಲ್ಲಿ ಅವಾರ್ಡ್ (ಆರ್ಬಿಟ್ರೇಟರ್ ಕೊಡುವ ತೀರ್ಪು) ಬರಬೇಕು. ಇಬ್ಬರೂ ಒಪ್ಪಿದರೆ ಇನ್ನೂ ಆರು ತಿಂಗಳು. ಅವಾರ್ಡ್ ಬಂದ ಮೇಲೆ ಕೋರ್ಟಿನ ಸುತ್ತಾಟ ಬೇರೆ. ದೆಹಲಿ ಏರ್‌ಪೋರ್ಟ್ ಮೆಟ್ರೋ ಲೈನಿನ ಕೇಸು ನೋಡಿ. 2017ರಲ್ಲಿ ಸಾವಿರಾರು ಕೋಟಿಯ ಅವಾರ್ಡ್ ಆಯಿತು. 2021ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2024ರ ಏಪ್ರಿಲಿನಲ್ಲಿ ಕ್ಯುರೇಟಿವ್ ಅರ್ಜಿಯಲ್ಲಿ, ಅಂದರೆ ಕಟ್ಟಕಡೆಯ ಮರುಪರಿಶೀಲನೆಯಲ್ಲಿ, ಅದೇ ಸುಪ್ರೀಂ ಕೋರ್ಟ್ ಅವಾರ್ಡನ್ನು ರದ್ದು ಮಾಡಿತು. ಆ ವರ್ಷದ ಜೂನಿನಲ್ಲಿ ಕೇಂದ್ರ ಹಣಕಾಸು ಇಲಾಖೆ ಒಂದು ಸೂಚನೆ ಹೊರಡಿಸಿತು: ಸರ್ಕಾರಿ ಕರಾರುಗಳಲ್ಲಿ ಆರ್ಬಿಟ್ರೇಷನ್ ಕಲಮನ್ನು ಸುಮ್ಮನೆ ಹಾಕಬೇಡಿ, ಸಾಮಾನ್ಯವಾಗಿ 10 ಕೋಟಿಗಿಂತ ಕಡಿಮೆಯ ತಕರಾರಿಗೆ ಮಾತ್ರ ಇರಲಿ ಅಂತ. ತಕರಾರು ಇದರಿಂದ ಕಡಿಮೆ ಆಗುವುದಿಲ್ಲ, ಜಾಗ ಬದಲಾಗುತ್ತದೆ ಅಷ್ಟೇ. ಕೋರ್ಟು, ಮೀಡಿಯೇಷನ್, ಆರ್ಬಿಟ್ರೇಷನ್ ಮೂರನ್ನೂ ಬಲ್ಲವರಿಗೆ ಮುಂದೆ ಕೆಲಸ ಜಾಸ್ತಿ ಅನ್ನಿಸುತ್ತದೆ.

ಮುಂಬೈ ಇದಕ್ಕೆ ಕೆಟ್ಟ ಊರಲ್ಲ. ಮುಂಬೈ ಸೆಂಟರ್ ಫಾರ್ ಇಂಟರ್‌ನ್ಯಾಷನಲ್ ಆರ್ಬಿಟ್ರೇಷನ್ 2016ರಿಂದ ಇದೆ. ಸಿಂಗಾಪುರದ ಆರ್ಬಿಟ್ರೇಷನ್ ಸೆಂಟರಿನವರು ಅದಕ್ಕೂ ಮುಂಚೆ ಇಲ್ಲಿ ಆಫೀಸು ತೆರೆದಿದ್ದಾರೆ. ನ್ಯೂಯಾರ್ಕ್ ಕನ್ವೆನ್ಷನ್ ಎಂಬ ದೇಶ ದೇಶಗಳ ಒಪ್ಪಂದ 1958ರದ್ದು. ಇವತ್ತು 170ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ, ಅದರಿಂದಲೇ ಒಂದು ದೇಶದ ಅವಾರ್ಡು ಇನ್ನೊಂದು ದೇಶದಲ್ಲಿ ನಡೆಯುತ್ತದೆ. ನಿಮ್ಮ ಮಗಳು ಬ್ಯಾರಿಸ್ಟರ್ ಆಗದೆಯೇ, ಇಲ್ಲಿನ ಅಡ್ವೊಕೇಟ್ ಆಗಿಯೇ ಸಿಂಗಾಪುರದ ಹಿಯರಿಂಗಿನಲ್ಲಿ ವಾದ ಮಾಡಬಹುದು. ಹಾಗೆಯೇ ಅಂತರರಾಷ್ಟ್ರೀಯ ಆರ್ಬಿಟ್ರೇಷನ್ನಿಗೆ ಲಂಡನ್ನಿನವರು ಇಲ್ಲಿಗೆ ಬಂದು ಹೋಗಲು 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ. ಪೈಪೋಟಿಯೂ ಇರುತ್ತದೆ ಅಂತಾಯ್ತು.

ಹಾಗಾಗಿ ನನ್ನ ಸಲಹೆ ಇದು. ಈಗಲೇ ರಾಜೀನಾಮೆ ಬೇಡ. ಆಕೆ ಕಂಪನಿಯಲ್ಲಿ ಕಾಂಟ್ರಾಕ್ಟ್ಸ್ ವಿಭಾಗಕ್ಕೆ ಬದಲಿ ಕೇಳಲಿ. ಕ್ಲೇಮು ಕಟ್ಟುವುದು ಅಲ್ಲಿ ಕಲಿಯುತ್ತಾಳೆ. ಜೊತೆಗೆ ಮೂರು ವರ್ಷದ ಎಲ್‌ಎಲ್.ಬಿ.ಗೆ ರಾಜ್ಯದ ಸಿ.ಇ.ಟಿ. ಬರೆಯಲಿ. ಚರ್ಚ್‌ಗೇಟಿನ ಗವರ್ನಮೆಂಟ್ ಲಾ ಕಾಲೇಜು ಸಿಕ್ಕರೆ ಬಿಡಬೇಡಿ. 1855ರ ಕಾಲೇಜು, ಅಂಬೇಡ್ಕರ್ ಪ್ರಿನ್ಸಿಪಾಲರಾಗಿದ್ದ ಜಾಗ, ಹೈಕೋರ್ಟು ನಡೆದು ಹೋಗುವಷ್ಟು ಹತ್ತಿರ. ಸೀಟು ಸಿಕ್ಕ ಮೇಲೆ ರಾಜೀನಾಮೆ ಕೊಡಲಿ, ಹಾಜರಿ ಕಡ್ಡಾಯ ಇರುತ್ತದೆ. ಪದವಿ ಆದಮೇಲೆ ಕಟ್ಟಡದ ಕೇಸು ಮಾಡುವ ಸೀನಿಯರ್ ಒಬ್ಬರ ಚೇಂಬರ್ ಸೇರಲಿ. ಮೊದಲ ಕೆಲವು ವರ್ಷ ಈಗಿನ ಸಂಬಳದ ಅರ್ಧವೂ ಕೈಗೆ ಬರದೆ ಇರಬಹುದು. ಆ ವರ್ಷಗಳಿಗೆ ಮನೆಯ ಆಸರೆ ಬೇಕು. ಲಂಡನ್ನಿಗೆ ಎಂದು ಕೂಡಿಟ್ಟ ಹಣ ಇದ್ದರೆ ಅದನ್ನು ಆಗ ತೆಗೆಯಿರಿ. ನಾಲ್ಕೈದು ವರ್ಷ ಕೆಲಸ ಮಾಡಿದ ಮೇಲೂ ಲಂಡನ್ ಬೇಕು ಅನ್ನಿಸಿದರೆ ಹೋಗಲಿ. ಆಗ ಏನು ಕಲಿಯಲು ಹೋಗುತ್ತಿದ್ದೇನೆ ಅಂತ ಆಕೆಗೇ ಗೊತ್ತಿರುತ್ತದೆ.

ಪತ್ರದ ಅಂಚಿನಲ್ಲಿ ಒಂದು ಸಾಲು ಸೇರಿಸಿದ್ದೀರಿ. ಮುಂದೆ ಉಪಯೋಗ ಆಗುತ್ತೆ ಅಂತ ಮಗಳು ಸೈಟ್ ರಿಜಿಸ್ಟರುಗಳ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡಿದ್ದಾಳೆ ಅಂತ. ಶೆಟ್ರೇ, ಅದು ಬೇಡ. ಆ ಕಾಗದ ಕಂಪನಿಯದ್ದು. ನಾಳೆ ಅದೇ ಲೈನಿನ ತಕರಾರು ಎದ್ದು ಈ ಫೋಟೋ ಹೊರಬಂದರೆ ಸನದು ಸಿಗುವ ಮೊದಲೇ ಹೆಸರು ಕೆಡುತ್ತದೆ. ಕಂಪನಿಯ ಕಡತದಲ್ಲಿ ಇಲ್ಲದ ಫೋಟೋ ಇದ್ದರೆ ಪ್ರಾಜೆಕ್ಟ್ ಮ್ಯಾನೇಜರಿಗೆ ಮೇಲ್ ಮಾಡಿ ಕಡತಕ್ಕೆ ಸೇರಿಸಲಿ, ಆಮೇಲೆ ತನ್ನ ಫೋನಿನಿಂದ ಅಳಿಸಲಿ.

- ಸಂಪಾದಕ