ಮಗುವಿನ ಬರವಣಿಗೆಗೆ ಮಾರ್ಕು ಹಾಕುವುದು ಏನನ್ನು ನೋಡಿ?

ಪ್ರಶ್ನೆ: ನಾವು ಮಲ್ಪೆಯವರು. ಮನೆಯಲ್ಲಿ ಮಾತಾಡುವುದು ತುಳು. ಮಗ ಕನ್ನಡ ಮಾಧ್ಯಮದಲ್ಲಿ ಏಳನೇ ಕ್ಲಾಸು. ಮೊನ್ನೆ ‘ಮಳೆಗಾಲ’ ಅಂತ ಪ್ರಬಂಧ ಬರೆಯಲಿಕ್ಕಿತ್ತು. ಅವನು ಬರೆದದ್ದು ಹೀಗೆ: “ಮಳೆಗಾಲದಲ್ಲಿ ಬೋಟ್ ಎಲ್ಲ ದಕ್ಕೆಯಲ್ಲಿ ಕಟ್ಟಿ ಹಾಕುತ್ತಾರೆ. ಅಪ್ಪನಿಗೆ ಎರಡು ತಿಂಗಳು ರಜೆ ಉಂಟು. ಅವರು ಬಲೆ ರಿಪೇರಿ ಮಾಡುತ್ತಾರೆ. ಅಮ್ಮನಿಗೆ ಸಿಟ್ಟು ಜಾಸ್ತಿ, ಯಾಕೆಂದರೆ ದುಡ್ಡು ಇಲ್ಲ.” ಐದರಲ್ಲಿ ಎರಡು ಮಾರ್ಕು ಬಂತು. ದಕ್ಕೆ (ಬೋಟು ನಿಲ್ಲಿಸುವ ಜಾಗ), ಉಂಟು ಎರಡಕ್ಕೂ ಕೆಂಪು ಗೆರೆ. ಗೈಡ್ ಬಾಯಿಪಾಠ ಮಾಡಿ ಬರೆದವರಿಗೆ ನಾಲ್ಕೂವರೆ. ಇಂಗ್ಲೆಂಡಿನಲ್ಲಿರುವ ನನ್ನ ಅಕ್ಕನ ಮಗಳೂ ಈ ವರ್ಷ ಪ್ರೈಮರಿ ಮುಗಿಸುತ್ತಾಳೆ, ಅಲ್ಲಿ ಬರವಣಿಗೆಗೆ ಪರೀಕ್ಷೆಯೇ ಇಲ್ಲವಂತೆ. ಮತ್ತೆ ಹೇಗೆ ಅಳೆಯುತ್ತಾರೆ? ನಾನೂ ಮಗನಿಗೆ ಗೈಡ್ ತಂದುಕೊಡಬೇಕಾ?

ಉತ್ತರ: ಗೈಡ್ ತರಬೇಡಿ. ಉಳಿದದ್ದು ಆಮೇಲೆ, ಇದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ.

ನಿಮ್ಮ ಅಕ್ಕನ ಮಗಳು ಹೇಳಿದ್ದು ಸರಿ, ಆದರೆ ಪೂರ್ತಿ ಅಲ್ಲ. ಇಂಗ್ಲೆಂಡಿನಲ್ಲಿ ಪ್ರೈಮರಿ ಮುಗಿಯುವುದು ‘ಇಯರ್ 6’ ಅನ್ನುವ ತರಗತಿಗೆ. ಮಕ್ಕಳಿಗೆ ಆಗ ಹತ್ತು ಹನ್ನೊಂದು ವಯಸ್ಸು. ಮೇ ತಿಂಗಳಲ್ಲಿ ಓದಿಗೆ, ಗಣಿತಕ್ಕೆ ಪರೀಕ್ಷೆ ಉಂಟು. ವ್ಯಾಕರಣ, ಚಿಹ್ನೆ, ಸ್ಪೆಲಿಂಗ್ ಇವಕ್ಕೂ ಬೇರೆಯೇ ಪರೀಕ್ಷೆ, ಒಟ್ಟು 70 ಅಂಕ, ಅದರಲ್ಲಿ 20 ಅಂಕ ಟೀಚರ್ ಓದಿ ಹೇಳುವ 20 ಪದಗಳಿಗೆ. ನಮ್ಮ ಉಕ್ತಲೇಖನವೇ ಅದು. ಆದರೆ ಕತೆ, ಪತ್ರ, ಪ್ರಬಂಧ ಬರೆಯುವುದಕ್ಕೆ ಪರೀಕ್ಷೆ ಇಲ್ಲ. ಹಿಂದೆ ಇತ್ತು. 2011ರಲ್ಲಿ ಈ ಪರೀಕ್ಷೆಗಳನ್ನು ಪರಿಶೀಲಿಸಿದ ಲಾರ್ಡ್ ಬ್ಯೂ ಅವರ ಸಮಿತಿ, ಮಗುವಿನ ಬರವಣಿಗೆಯನ್ನು ಟೀಚರೇ ಅಳೆಯಲಿ ಎಂದು ಹೇಳಿತು. ಸರ್ಕಾರ ಒಪ್ಪಿತು. ವ್ಯಾಕರಣದ ಪರೀಕ್ಷೆ 2013ರಲ್ಲಿ ಸೇರಿಕೊಂಡಿತು.

ಈಗ ಅಲ್ಲಿ ನಡೆಯುವುದು ಹೀಗೆ. ಮಗು ಕ್ಲಾಸಿನಲ್ಲಿ ಬರೆದ ಬೇರೆ ಬೇರೆ ಬರಹಗಳನ್ನು, ಒಂದು ಕತೆ, ಒಂದು ಪತ್ರ, ವಿಜ್ಞಾನದ ಪಾಠಕ್ಕೆ ಬರೆದ ಒಂದು ವಿವರಣೆ, ಹೀಗೆ ಎಲ್ಲವನ್ನೂ ಟೀಚರ್ ಒಟ್ಟಿಗೆ ಇಟ್ಟುಕೊಂಡು ಓದುತ್ತಾರೆ. ಮುಖ್ಯವಾಗಿ ಮೂರು ಹಂತ: ನಿರೀಕ್ಷಿತ ಮಟ್ಟದ ಕಡೆಗೆ ಬರುತ್ತಿರುವವರು, ಆ ಮಟ್ಟಕ್ಕೆ ಬಂದವರು, ಅದಕ್ಕಿಂತ ಆಳ ಇರುವವರು. ಬರಹ ಮಗುವಿನ ಸ್ವಂತದ್ದೇ ಆಗಿರಬೇಕು. ಮಗು ನಿಘಂಟು ನೋಡಬಹುದು, ತಾನೇ ತಿದ್ದಿ ಮತ್ತೆ ಬರೆಯಬಹುದು. ಟೀಚರ್ ಹೇಳಿಕೊಟ್ಟ ವಾಕ್ಯ, ಮಾದರಿ ನೋಡಿ ಇಳಿಸಿದ ವಾಕ್ಯ ಲೆಕ್ಕಕ್ಕೆ ಬರುವುದಿಲ್ಲ. ಗೈಡ್ ಬಾಯಿಪಾಠ ಮಾಡಿದ ಮಗು ಅಲ್ಲಿ ನಾಲ್ಕೂವರೆ ತಗೊಳ್ಳುವ ಹಾಗೇ ಇಲ್ಲ, ಅಲ್ವಾ!

ಟೀಚರ್ ತನಗೆ ಬೇಕಾದ ಹಾಗೆ ಹಾಕಿದರೆ? ಅದಕ್ಕೂ ದಾರಿ ಇದೆ. ಪ್ರತಿ ವರ್ಷ ಕನಿಷ್ಠ ನಾಲ್ಕರಲ್ಲಿ ಒಂದು ಶಾಲೆಗೆ ಸ್ಥಳೀಯ ಆಡಳಿತದ ಕಡೆಯಿಂದ ಪರಿಶೀಲಕರು ಬಂದು, ಮಕ್ಕಳ ಬರಹ ಓದಿ, ಟೀಚರ್ ಜೊತೆ ಕೂತು ಚರ್ಚೆ ಮಾಡಿ, ತೀರ್ಮಾನ ಸರಿಯಾ ಅಂತ ನೋಡುತ್ತಾರೆ.

ಎಲ್ಲ ಚೆನ್ನಾಗಿದೆ ಅಂತ ನಾನು ಹೇಳುವುದಿಲ್ಲ. 2016ರಲ್ಲಿ ಬಂದ ನಿಯಮದಲ್ಲಿ ಒಂದೊಂದು ಮಟ್ಟಕ್ಕೂ ಇದ್ದ ಪಟ್ಟಿಯ ಪ್ರತಿಯೊಂದು ಅಂಶವನ್ನೂ ಮಗು ತೋರಿಸಲೇಬೇಕಿತ್ತು. ಒಂದು ತಪ್ಪಿದರೂ ಆ ಮಟ್ಟ ಸಿಗುತ್ತಿರಲಿಲ್ಲ. ಇಂಥ ಪಟ್ಟಿ ಕೈಗೆ ಬಂದರೆ ಏನಾಗುತ್ತದೆ ಅಂತ ಯಾವ ಟೀಚರಿಗೂ ಗೊತ್ತು. ಬರಹ ಚೆನ್ನಾಗಿದೆಯಾ ಅಂತ ನೋಡುವ ಮೊದಲು ಅರ್ಧವಿರಾಮ ಬಂತಾ ಅಂತ ಹುಡುಕಬೇಕಾಗುತ್ತದೆ. 2018ರ ನಿಯಮದಲ್ಲಿ ಸ್ವಲ್ಪ ಸಡಿಲ ಮಾಡಿದರು. ಒಂದು ಕಡೆ ದುರ್ಬಲ ಇದ್ದರೂ, ಒಟ್ಟಾರೆ ಬರಹ ಗಟ್ಟಿ ಇದ್ದರೆ ಟೀಚರ್ ತಮ್ಮ ವಿವೇಚನೆ ಬಳಸಬಹುದು.

ಈಗ ನಿಮ್ಮ ಮಗನ ವಿಷಯಕ್ಕೆ ಬರುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಆ 61 ದಿನ ಒಂದು ಮನೆಯ ಒಳಗೆ ಏನಾಗುತ್ತದೆ ಅಂತ ಅವನು ನಾಲ್ಕು ಸಾಲಿನಲ್ಲಿ ಹೇಳಿದ್ದಾನೆ. ವಿಷಯ ಅವನದೇ. ಒಂದರ ನಂತರ ಒಂದು ಸರಿಯಾದ ಕ್ರಮದಲ್ಲಿ ಬಂದಿದೆ. ಕೊನೆಯ ವಾಕ್ಯದಲ್ಲಿ ‘ಯಾಕೆಂದರೆ’ ಹಾಕಿ ಕಾರಣ ಕೊಟ್ಟಿದ್ದಾನೆ. ಏಳನೇ ಕ್ಲಾಸಿಗೆ ಇದು ಇನ್ನೂ ಉದ್ದ ಬರಬೇಕಿತ್ತು, ಅದು ನಿಜ. ಆದರೆ ಐದರಲ್ಲಿ ಎರಡು ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ತಪ್ಪು ಎರಡು ಅಂತೀರಿ. ಎರಡೂ ಒಂದೇ ಥರದ್ದಲ್ಲ. ‘ಧಕ್ಕೆ’ ಅಂತ ಬರೆಯಬೇಕಿತ್ತು, ಮಹಾಪ್ರಾಣ ಬಿಟ್ಟುಹೋಗಿದೆ. ಅದು ಕಾಗುಣಿತದ ತಪ್ಪು, ತಿದ್ದಬೇಕು. ತುಳು ಮನೆಮಾತಿನ ಮಕ್ಕಳಲ್ಲಿ ಇದು ಜಾಸ್ತಿ. ಬಾಯಲ್ಲಿ ಇಲ್ಲದ ಮಹಾಪ್ರಾಣ ಕೈಗೆ ಬರಲು ಸಮಯ ಬೇಕು. ಲ-ಳ, ನ-ಣ ಅದಲು ಬದಲಾಗುವುದೂ ಇದೇ ಕಾರಣಕ್ಕೆ. ‘ಉಂಟು’ ತಪ್ಪೇ ಅಲ್ಲ. ಒಳ್ಳೆಯ ಕನ್ನಡ. ದಕ್ಷಿಣ ಕನ್ನಡ, ಉಡುಪಿ ಕಡೆ ದಿನಾ ಬಾಯಲ್ಲಿರುವ ಕನ್ನಡ. ಬೇಕಾದರೆ ಟೀಚರ್ ಪಕ್ಕದಲ್ಲಿ ‘ಇದೆ’ ಅಂತ ಬರೆದು, ಅರ್ಜಿ ಬರೆಯುವಾಗ ಹೀಗೆ ಬರೆಯುವುದು ರೂಢಿ ಅಂತ ಹೇಳಿಕೊಡಲಿ. ಮಾರ್ಕು ಕಳೆಯುವ ಕೆಲಸ ಅದಲ್ಲ. ಇಂಗ್ಲೆಂಡಿನಲ್ಲಿ ಮೇಲಿನ ಹಂತಕ್ಕೆ ಕೇಳುವುದೇ ಇದನ್ನು: ಆಡುವ ಮಾತು ಯಾವುದು, ಬರೆಯುವ ಮಾತು ಯಾವುದು ಅಂತ ಗೊತ್ತಿದ್ದು, ಎಲ್ಲಿ ಯಾವುದು ಹೊಂದುತ್ತದೋ ಅದನ್ನು ಆರಿಸಿಕೊಳ್ಳುವುದು. ಆರಿಸಿಕೊಳ್ಳಬೇಕಾದರೆ ಎರಡೂ ಕೈಯಲ್ಲಿ ಇರಬೇಕಲ್ಲ? ಒಂದನ್ನು ಕೆಂಪು ಗೆರೆ ಎಳೆದು ಕಿತ್ತುಹಾಕಿದರೆ ಮಗು ಆರಿಸುವುದು ಏನನ್ನು?

ನಮ್ಮಲ್ಲಿ ನಿಯಮ ಕೆಟ್ಟದಾಗಿ ಇಲ್ಲ. ಸಿಸಿಇ, ಅಂದರೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಪ್ರಕಾರ ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಎರಡು ಸಂಕಲನಾತ್ಮಕ, ಅಂದರೆ ಅವಧಿಯ ಕೊನೆಗೆ ಮಾಡುವುದು. ರೂಪಣಾತ್ಮಕ ಇರುವುದೇ ಮಗು ದಿನಾ ಮಾಡುವ ಕೆಲಸವನ್ನು ನೋಡಲಿಕ್ಕೆ. ಮಗುವಿನ ಬರಹ, ಚಿತ್ರ ಎಲ್ಲ ಕೃತಿ ಸಂಪುಟದಲ್ಲಿ ಇಡಬೇಕು ಅಂತಲೂ ಇದೆ. ಅದನ್ನು ಬಿಡಿಸಿ ಓದಿ ಅಂಕ ಕೊಟ್ಟರೆ ಸಾಕು, ಬೇರೆ ದೇಶದಿಂದ ಏನೂ ತರಬೇಕಾಗಿಲ್ಲ. ಆದರೆ ಕ್ಲಾಸಿನಲ್ಲಿ ಮಕ್ಕಳು ಜಾಸ್ತಿ, ಟೀಚರಿಗೆ ಬೇರೆ ಕೆಲಸವೂ ಜಾಸ್ತಿ, ಹಾಗಾಗಿ ಎಷ್ಟೋ ಕಡೆ ರೂಪಣಾತ್ಮಕವೂ ಒಂದು ಸಣ್ಣ ಪರೀಕ್ಷೆ ಆಗಿಬಿಡುತ್ತದೆ, ಸಂಪುಟ ಕಪಾಟಿನಲ್ಲೇ ಉಳಿಯುತ್ತದೆ. ನನಗೆ ಬೇಜಾರು ಇರುವುದು ಇದರ ಬಗ್ಗೆ.

ನೀವು ಹೀಗೆ ಮಾಡಿ. ಸಮುದಾಯದತ್ತ ಶಾಲೆ ಕಾರ್ಯಕ್ರಮಕ್ಕೆ ಪೋಷಕರನ್ನು ಕರೆದು ಉತ್ತರ ಪತ್ರಿಕೆ ತೋರಿಸುವಾಗ ತಪ್ಪದೆ ಹೋಗಿ. ಮಾರ್ಕು ಯಾಕೆ ಕಡಿಮೆ ಅಂತ ಕೇಳಬೇಡಿ, ಹಾಗೆ ಕೇಳಿದರೆ ಮಾತು ಅಲ್ಲೇ ನಿಂತುಹೋಗುತ್ತದೆ. “ಟೀಚರ್, ಇವನ ಬರಹದಲ್ಲಿ ಚೆನ್ನಾಗಿರುವುದು ಯಾವುದು, ಮುಂದಿನ ಸಲ ಯಾವ ಒಂದನ್ನು ಸರಿ ಮಾಡಲಿ” ಅಂತ ಕೇಳಿ. ವರ್ಷದ ಶುರುವಿನಲ್ಲಿ ಬರೆದದ್ದು, ಈಗ ಬರೆದದ್ದು ಎರಡನ್ನೂ ಪಕ್ಕ ಪಕ್ಕ ಇಟ್ಟು ತೋರಿಸಿ ಅನ್ನಿ. ಮನೆಯಲ್ಲಿ ಅವನು ಇದೇ ಪ್ರಬಂಧವನ್ನು ಮುಂದುವರಿಸಲಿ. ಬಲೆ ಹೇಗೆ ರಿಪೇರಿ ಮಾಡುತ್ತಾರೆ? ಆಗಸ್ಟ್‌ನಲ್ಲಿ ಮೊದಲ ಬೋಟು ಹೊರಟ ದಿನ ಮನೆಯಲ್ಲಿ ಏನಾಯಿತು? ನೀವು ತುಳುವಿನಲ್ಲೇ ಕೇಳಿ, ಅವನು ತುಳುವಿನಲ್ಲೇ ಹೇಳಲಿ, ಆಮೇಲೆ ಕನ್ನಡದಲ್ಲಿ ಬರೆಯಲಿ.

ಪ್ರಶ್ನೆ: ಮಂಗಳೂರಿನಲ್ಲಿದ್ದೇವೆ. ಮಗ ಐದನೇ ಕ್ಲಾಸು. ಮಾತಾಡಲು ಜೋರು, ಬರೆಯಲು ಕೂತರೆ ಅಕ್ಷರ ಕೋಳಿ ಕೆದಕಿದ ಹಾಗೆ. ಬೋರ್ಡ್ ನೋಡಿ ಇಳಿಸುವಾಗ ಸಾಲುಗಳೇ ತಪ್ಪುತ್ತವೆ. ಐದನೇ ಕ್ಲಾಸಿಗೆ ಬೋರ್ಡ್ ಪರೀಕ್ಷೆ ಇದೆ ಅಂತ ಒಬ್ಬರು, ಇಲ್ಲ ಅಂತ ಇನ್ನೊಬ್ಬರು. ಕೈಬರಹಕ್ಕೆ ಟ್ಯೂಷನ್ ಹಾಕಲಾ?

ಉತ್ತರ: ಪರೀಕ್ಷೆಯ ಗೊಂದಲಕ್ಕೆ ಕಾರಣ ಇದೆ. 2023ರಲ್ಲಿ 5 ಮತ್ತು 8ನೇ ತರಗತಿಗೆ ರಾಜ್ಯ ಮಟ್ಟದ ಮೌಲ್ಯಾಂಕನ ನಡೆಯಿತು. ಮುಂದಿನ ವರ್ಷದ ಪರೀಕ್ಷೆ ಕೋರ್ಟಿಗೆ ಹೋಗಿ, 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಟ್ಟಿತು. ಈ ವರ್ಷದ್ದು ಏನು ಅಂತ ಶಾಲೆಯಲ್ಲೇ ಕೇಳಿ, ವಾಟ್ಸ್ಆ್ಯಪ್ ಸುದ್ದಿ ನಂಬಬೇಡಿ.

ಕೈಬರಹ ಓದಲು ಆಗಬೇಕು, ಬೇಗ ಬರೆದರೂ ಆಗಬೇಕು, ಅಷ್ಟೇ. ಕನ್ನಡದಲ್ಲಿ ಒತ್ತಕ್ಷರ ತನ್ನ ಅಕ್ಷರದ ಕೆಳಗೇ ಕೂತರೆ, ದೀರ್ಘ ಸ್ಪಷ್ಟ ಕಂಡರೆ ಅರ್ಧ ಕೆಲಸ ಆಯಿತು. ದಿನಕ್ಕೆ ಐದು ಸಾಲು ಕಾಪಿ ಬರೆಸಿ, ಅದಕ್ಕಿಂತ ಜಾಸ್ತಿ ಸುಮ್ನೆ ಬೇಡ. ಅಂದವಾದ ಅಕ್ಷರ ಬಂದ ಮಾತ್ರಕ್ಕೆ ಬರೆಯಲು ವಿಷಯ ಬರುವುದಿಲ್ಲ. ಮಾತಿನಲ್ಲಿ ಜೋರು ಅಂತೀರಲ್ಲ, ಅದು ಒಳ್ಳೆಯದು. ಅವನು ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಅವನೇ ಕೇಳಿಸಿಕೊಂಡು ಬರೆಯಲಿ. ಮಾತಾಡಿದ ಅಷ್ಟೂ ವಿಷಯ ಬರಹಕ್ಕೆ ಬಂತಾ ಅಂತ ನೋಡಿ, ತಪ್ಪು ಎಣಿಸುವುದು ಆಮೇಲೆ.

ಬೋರ್ಡಿನಿಂದ ಇಳಿಸುವಾಗ ಸಾಲು ತಪ್ಪುತ್ತದೆ ಅಂದಿರಿ. ಟ್ಯೂಷನ್ ಮಾತು ಈಗ ಬಿಡಿ. ಮೊದಲು ಕಣ್ಣಿನ ಡಾಕ್ಟರ ಹತ್ತಿರ ತೋರಿಸಿ, ಈ ವಾರವೇ. ಕನ್ನಡಕ ಬೇಕು ಅಂತಾದರೆ ಹಾಕಿಸಿ, ಟೀಚರಿಗೆ ಹೇಳಿ ಮುಂದಿನ ಬೆಂಚಿನಲ್ಲಿ ಕೂರಿಸಿ. ಕಣ್ಣು ಸರಿ ಇದ್ದೂ ಹೀಗೇ ಆದರೆ ಅವನ ಎರಡು ಪುಟದ ಬರಹದ ಫೋಟೋ ಜೊತೆ ಮತ್ತೆ ಬರೆಯಿರಿ.