ಹಂಪಿ ಹಾಳಾದ ಮೇಲೂ ಚಲಾವಣೆಯಲ್ಲಿದ್ದದ್ದು: ಓದುಗರ ಪ್ರಶ್ನೆ, ನಮ್ಮ ಉತ್ತರ

ವಿಜಯನಗರದ ಕುರಿತು ಬಂದ ಪ್ರಶ್ನೆಗಳಲ್ಲಿ ಐದನ್ನು ಈ ಸಲ ಆಯ್ದುಕೊಂಡಿದ್ದೇವೆ.

ಅಜ್ಜಿಯ ಕಾಸಿನ ಸರದಲ್ಲೊಂದು ಪುಟ್ಟ ಚಿನ್ನದ ನಾಣ್ಯವಿದೆ. ಒಂದು ಮುಖದಲ್ಲಿ ಕುಳಿತ ಶಿವ-ಪಾರ್ವತಿ, ಹಿಂದೆ ಬಾಗಿದ ಒಂದೇ ಅಕ್ಷರ. ಅಕ್ಕಸಾಲಿಗರು ‘ರಾಯರ ಕಾಲದ್ದು’ ಎನ್ನುತ್ತಾರೆ. ಹೌದೇ? (ಸಾಗರ)

ಅಲ್ಲ, ಅದು ಹೈದರಾಲಿಯ ನಾಣ್ಯ. ಆ ಅಕ್ಷರ ಪರ್ಷಿಯನ್ ಲಿಪಿಯ ‘ಹೇ’, ಅವನ ಹೆಸರಿನ ಮೊದಲಕ್ಷರ. ಹಾಗಂತ ಅಕ್ಕಸಾಲಿಗರದು ಪೂರ್ತಿ ತಪ್ಪೂ ಅಲ್ಲ. ಶಿವ-ಪಾರ್ವತಿಯರ ಈ ಜೋಡಿ ವಿಜಯನಗರದ ಚಿನ್ನದ ನಾಣ್ಯಗಳಾದ ವರಹಗಳಿಂದಲೇ ಬಂದದ್ದು. ಕೆಳದಿ ನಾಯಕರು ಅದನ್ನು ಉಳಿಸಿಕೊಂಡರು. 1763ರಲ್ಲಿ ಅವರ ರಾಜಧಾನಿ ಬಿದನೂರು ಹೈದರನ ಕೈಸೇರಿದಾಗ ಅವನು ಚಿತ್ರಕ್ಕೆ ಕೈಹಾಕಲಿಲ್ಲ, ಹಿಂಬದಿಯ ನಾಗರಿ ಬರಹವನ್ನಷ್ಟೇ ತೆಗೆಸಿ ‘ಹೇ’ ಹಾಕಿಸಿದ. ಜಾಣತನದ ಕೆಲಸ: ಪೇಟೆಯಲ್ಲಿ ಓದು ಬಾರದವನೂ ಚಿತ್ರ ನೋಡಿ ವರಹ ಎಂದು ಗುರುತಿಸುತ್ತಿದ್ದ, ಹೊಸ ಚಿತ್ರ ಬಂದರೆ ನಾಣ್ಯ ಪರೀಕ್ಷಿಸುವ ಚಿನಿವಾರ ವಟ್ಟ ಹಿಡಿದು ಬೆಲೆ ಕಡಿತ ಮಾಡುತ್ತಿದ್ದ. ಟಿಪ್ಪು ಚಿತ್ರವನ್ನೂ ಕೈಬಿಟ್ಟ. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದ ಮೇಲೆ ಅದೇ ಶಿವ-ಪಾರ್ವತಿ ಮತ್ತೆ ಬಂದು ಕೂತರು.

ಎಡವುವುದು ಇಲ್ಲೇ. ಒಡೆಯರ ನಾಣ್ಯದ ಹಿಂದೆ ನಾಗರಿಯಲ್ಲಿ ‘ಶ್ರೀ ಕೃಷ್ಣರಾಜ’ ಎಂದಿರುತ್ತದೆ. ಅದನ್ನು ಕೃಷ್ಣದೇವರಾಯನದೆಂದು ಮಾರುವವರಿದ್ದಾರೆ. ರಾಯನ ಹೆಸರಾಂತ ವರಹದ ಮೇಲಿರುವುದು ಕುಳಿತ ಬಾಲಕೃಷ್ಣ, ಹಿಂದೆ ಮೂರು ಸಾಲಿನಲ್ಲಿ ‘ಶ್ರೀ ಪ್ರತಾಪ ಕೃಷ್ಣರಾಯ’. ಗಂಡಭೇರುಂಡ ಕಂಡರೆ ಅಚ್ಯುತರಾಯನ ನಾಣ್ಯವಿರಬಹುದು. ಆದ್ದರಿಂದ ಮೊದಲು ನಾಣ್ಯ ಮಗುಚಿ ನೋಡಿ.

ಆಮೇಲೆ ತೂಕ. ವರಹ ಸುಮಾರು 3.4 ಗ್ರಾಂ, ಅರ್ಧ ವರಹ 1.7, ಹಣ ಎಂದರೆ ವರಹದ ಹತ್ತನೆಯ ಒಂದು ಪಾಲು. ಸರದ ನಾಣ್ಯಕ್ಕೆ ಬೆಸೆದ ಕೊಂಡಿಯ ತೂಕ ಸೇರಿಕೊಂಡಿರುತ್ತದೆ, ಅದನ್ನು ಕಳೆಯಬೇಕು. ಅಚ್ಚೊತ್ತಿದ ನಾಣ್ಯದ ಚಿತ್ರ ಒಂದು ಪಕ್ಕಕ್ಕೆ ಸರಿದಿರುವುದು ಸಹಜ. ಅಂಚಿನ ಸುತ್ತ ಸಣ್ಣ ಗೆರೆ, ಮೈಮೇಲೆ ಗುಳ್ಳೆಯ ಕುಳಿ ಇದ್ದರೆ ಎರಕ ಹೊಯ್ದದ್ದೆಂದು ಅನುಮಾನಿಸಿ. ರಾಮಪಟ್ಟಾಭಿಷೇಕವಿರುವ ದೊಡ್ಡ ರಾಮಟಂಕೆ ದೇವಸ್ಥಾನದ ಬಿಲ್ಲೆ, ಚಲಾವಣೆಯ ನಾಣ್ಯವಲ್ಲ. ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ, ಮೊದಲು ಸವೆಯುವುದೇ ಅಕ್ಷರ. ನೂರು ವರ್ಷ ದಾಟಿದ ನಾಣ್ಯವನ್ನು ಹೊರದೇಶಕ್ಕೆ ಒಯ್ಯಲು 1972ರ ಪುರಾತನ ವಸ್ತುಗಳ ಕಾಯ್ದೆ ಬಿಡುವುದಿಲ್ಲ.

1565ರಲ್ಲೇ ಸಾಮ್ರಾಜ್ಯ ಮುಗಿದಿತ್ತಲ್ಲ, 1639ರ ಮದ್ರಾಸಿನ ಕತೆಯಲ್ಲಿ ರಾಯರು ಎಲ್ಲಿಂದ ಬಂದರು? (ಬಳ್ಳಾರಿ)

1565ರ ಜನವರಿಯಲ್ಲಿ ತಾಳಿಕೋಟೆ ಯುದ್ಧದಲ್ಲಿ ಅಳಿಯ ರಾಮರಾಯ ಸತ್ತ, ರಾಜಧಾನಿ ಲೂಟಿಯಾಯಿತು. ರಾಜ್ಯ ಮುಗಿಯಲಿಲ್ಲ. ತಮ್ಮ ತಿರುಮಲ ಪೆನುಗೊಂಡೆಗೆ ಹೋದ. ಮುಂದೆ ಚಂದ್ರಗಿರಿ, ವೇಲೂರು ಎಂದು ಅರವೀಡು ಮನೆತನ ಇನ್ನೂ ಸುಮಾರು 80 ವರ್ಷ ಎಳೆಯಿತು. 1639ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಡೇಗೆ ಮದ್ರಾಸಿನ ಜಾಗ ಕೊಟ್ಟವನು ರಾಯರ ಕೈಕೆಳಗಿನ ದಾಮರ್ಲ ವೆಂಕಟಾದ್ರಿ ನಾಯಕ. ಕಂಪನಿ ಅಷ್ಟಕ್ಕೆ ಸುಮ್ಮನಾಗದೆ 1645ರಲ್ಲಿ ಶ್ರೀರಂಗರಾಯನಿಂದಲೂ ಸನದು, ಅಂದರೆ ಅಧಿಕಾರಪತ್ರ, ಪಡೆಯಿತು. ಸೈನ್ಯ ಕರಗಿದ್ದರೂ ರಾಯನ ಮುದ್ರೆಗೆ ಬೆಲೆ ಕರಗಿರಲಿಲ್ಲ.

ಮೈಸೂರು ದಸರಾ ನಿಜಕ್ಕೂ ಹಂಪಿಯದೇ? (ಮಂಡ್ಯ)

ಚೌಕಟ್ಟು ಹಂಪಿಯದು. ರಾಜ ಒಡೆಯರು 1610ರಲ್ಲಿ ರಾಯರ ಪ್ರತಿನಿಧಿ ತಿರುಮಲನಿಂದ (ಮೇಲೆ ಹೇಳಿದ ತಿರುಮಲ ಬೇರೆ) ಶ್ರೀರಂಗಪಟ್ಟಣ ಪಡೆದರು, ಆ ವರ್ಷವೇ ನವರಾತ್ರಿ ನಡೆಸಿದರು. ಸಿಂಹಾಸನ, ಪಟ್ಟದಾನೆ-ಕುದುರೆಗಳ ಪೂಜೆ, ಜಟ್ಟಿಗಳ ಕಾಳಗ ಎಲ್ಲಕ್ಕೂ ಮಾದರಿ ಹಂಪಿಯ ನವರಾತ್ರಿಯಾದ ಮಹಾನವಮಿಯದೇ.

ಆದರೆ ಹಂಪಿಯ ಹಬ್ಬಕ್ಕೊಂದು ಲೆಕ್ಕದ ಮುಖವಿತ್ತು, ಅದು ಈಗ ಮರೆತೇಹೋಗಿದೆ. ನಾಯಕರು ರಾಜನಿಗೆ ಸಲ್ಲಬೇಕಾದ ಹಣ ಒಪ್ಪಿಸುತ್ತಿದ್ದುದು ಈ ದಿನಗಳಲ್ಲೇ ಎಂದು ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಬರೆದಿದ್ದಾನೆ. ಅವರ ಸೈನ್ಯದ ತಪಾಸಣೆಯೂ ಹಬ್ಬದ ಜೊತೆಗೇ. ಯಾರು ಬಂದರು, ಯಾರು ತಪ್ಪಿಸಿಕೊಂಡರು ಎಂಬುದು ರಾಜ ಕೂರುತ್ತಿದ್ದ ಮಹಾನವಮಿ ದಿಬ್ಬದ ಮೇಲಿಂದಲೇ ಕಾಣುತ್ತಿತ್ತು. ಇಂದಿನ ಅಂಬಾರಿಯಲ್ಲಿ ರಾಜನಿಲ್ಲ, ಚಾಮುಂಡೇಶ್ವರಿ ಇದ್ದಾಳೆ.

ಕೆರೆ ಕಟ್ಟುವುದಕ್ಕೆ ರಾಯರ ಕಾಲದಲ್ಲಿ ಲಿಖಿತ ನಿಯಮ ಏನಾದರೂ ಇತ್ತೇ? (ಪಾವಗಡ)

ಕಲ್ಲಿನಲ್ಲೇ ಇದೆ. ಕಡಪ ಜಿಲ್ಲೆಯ ಪೋರುಮಾಮಿಳ್ಳದ 1369ರ ಶಾಸನ ನೋಡಿ. ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆ ಅದು: ದಿನಕ್ಕೆ 1,000 ಆಳು, 100 ಬಂಡಿ, ಎರಡು ವರ್ಷದ ಕೆಲಸ. ಕೆರೆಗೆ ಬೇಕಾದ 12 ಅಂಗಗಳನ್ನು ಶಾಸನ ಹೆಸರಿಸುತ್ತದೆ. ಗಟ್ಟಿ ಜೇಡಿನೆಲ, ಸಿಹಿನೀರಿನ ನದಿ, ಎರಡು ಗುಡ್ಡದ ನಡುವೆ ಬಿಗಿಯಾದ, ತೀರಾ ಉದ್ದವಲ್ಲದ ಕಲ್ಲಿನ ಏರಿ, ಆಳವಾದ ಅಂಗಳ, ಹತ್ತಿರದಲ್ಲೇ ನೀಳ ಕಲ್ಲು ಸಿಗುವ ಗಣಿ, ಕಸುಬು ಬಲ್ಲ ಕೆಲಸಗಾರರು ಆ ಪಟ್ಟಿಯಲ್ಲಿವೆ.

ನಮಗೆ ಹೆಚ್ಚು ಬೆಲೆಯುಳ್ಳದ್ದು ಅದರ ಆರು ದೋಷಗಳ ಪಟ್ಟಿ: ಏರಿಯಲ್ಲಿ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯಂಗಳದ ನಡುವೆ ದಿಬ್ಬ, ನೀರು ಕಡಿಮೆ ಅಚ್ಚುಕಟ್ಟು ಹೆಚ್ಚು, ನೀರು ಹೆಚ್ಚು ನೆಲ ಕಡಿಮೆ. ಮೂರನೆಯದನ್ನು ಓದಿ ಇಂದಿನ ಅಂತರರಾಜ್ಯ ಜಲವಿವಾದಗಳು ನೆನಪಾಗದವರಿಲ್ಲ. ನಿಮ್ಮೂರ ಕೆರೆ ನೋಡುವುದಾದರೆ ಮೊದಲನೆಯದರಿಂದ ಶುರುಮಾಡಿ. ಏರಿಯ ಹೊರಮೈಯಲ್ಲಿ, ತೂಬಿನ ಅಕ್ಕಪಕ್ಕ, ಬೇಸಿಗೆಯಲ್ಲೂ ಹಸಿಯಾಗಿರುವ ಜಾಗ ಹುಡುಕಿ. ಅಲ್ಲಿ ಬರುವ ನೀರು ತಿಳಿಯಾಗಿದ್ದರೆ ಕಣ್ಣಿಟ್ಟಿರಿ. ಕದಡಿದ್ದರೆ ಏರಿಯ ಮಣ್ಣನ್ನು ಒಳಗಿಂದ ಹೊತ್ತು ತರುತ್ತಿದೆ ಎಂದರ್ಥ, ತಕ್ಷಣ ಸಂಬಂಧಪಟ್ಟ ಇಲಾಖೆಗೆ ತಿಳಿಸಿ.

ಈ ಕಣ್ಗಾವಲೇ ಕೆರೆಯ ನೀರು ನೋಡಿಕೊಳ್ಳುವ ನೀರಗಂಟಿಯ ಕೆಲಸವಾಗಿತ್ತು. ಗೌಡ, ಶಾನುಭೋಗ, ತಳವಾರರಂತೆ ಅವನೂ ಊರಿನ ಆಯಗಾರ, ಬೆಳೆಯಲ್ಲಿ ಪಾಲು ಪಡೆಯುತ್ತಿದ್ದವನು. ವಂಶಪಾರಂಪರ್ಯದ ಗ್ರಾಮಾಧಿಕಾರ 1961ರ ಕಾಯ್ದೆಯಿಂದ ರದ್ದಾಯಿತು. ಆಗಬೇಕಾದದ್ದೇ. ತೂಬು ನೋಡುವ ಕೆಲಸ ಮಾತ್ರ ಎಷ್ಟೋ ಊರುಗಳಲ್ಲಿ ಯಾರದೂ ಅಲ್ಲದಂತಾಯಿತು.

ಸಂಸ್ಕೃತ ತಾಮ್ರಶಾಸನದ ಕೊನೆಯಲ್ಲಿ ಕನ್ನಡ ಅಕ್ಷರ ಏಕೆ? (ಧಾರವಾಡ)

ಅದು ರಾಜನ ಒಪ್ಪ, ಅಂದರೆ ಸಹಿ. ಒಕ್ಕಣೆ ನಾಗರಿಯ ದಕ್ಷಿಣದ ರೂಪವಾದ ನಂದಿನಾಗರಿ ಲಿಪಿಯಲ್ಲಿದ್ದರೂ ಕೊನೆಯ ‘ಶ್ರೀ ವಿರೂಪಾಕ್ಷ’ ಕನ್ನಡ ಲಿಪಿಯಲ್ಲಿ, ದಪ್ಪಕ್ಷರದಲ್ಲಿ ಇರುತ್ತದೆ. ಅರವೀಡು ವೆಂಕಟಪತಿರಾಯನ ಕಾಲಕ್ಕೆ ಅದು ‘ಶ್ರೀ ವೆಂಕಟೇಶ’ ಎಂದಾಗಿತ್ತು.