ಚೈನ್ ಕೂರಿಸುವ ಹುಡುಗ ‘ಬ್ರೇಕ್’ ಓದಲಾರ, ಏಕೆ?

ಪ್ರಶ್ನೆ: ಐದನೇ ತರಗತಿಯ ಹುಡುಗ. ಡಿಸ್ಲೆಕ್ಸಿಯಾ (ಓದು–ಬರಹ ಕಷ್ಟವಾಗುವ ಕಲಿಕಾ ನ್ಯೂನತೆ) ಎಂದು ವರದಿ ಬಂದಿದೆ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾನೆ, ಒತ್ತಕ್ಷರ ಬಂದರೆ ನಿಂತೇಬಿಡುತ್ತಾನೆ. ಸೈಕಲ್ ರಿಪೇರಿಯಲ್ಲಿ ಮಾತ್ರ ದೊಡ್ಡವರನ್ನೂ ಮೀರಿಸುತ್ತಾನೆ. ‘ಮಗುವಿನ ಸಾಮರ್ಥ್ಯದಿಂದ ಶುರು ಮಾಡಿ’ ಎಂದು ತರಬೇತಿಯಲ್ಲಿ ಹೇಳಿದರು. 38 ಮಕ್ಕಳ ತರಗತಿಯಲ್ಲಿ ಸೋಮವಾರದಿಂದ ನಾನೇನು ಮಾಡಲಿ?
– ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಮೊದಲು ಹತ್ತು ಶಾಲಾ ದಿನ ಬರೀ ನೋಡಿ, ದಿನಕ್ಕೆ ಎರಡು ಸಾಲು ಬರೆಯಿರಿ. ‘ಚುರುಕು’, ‘ಜಾಣ’ ಎಂಬ ಪದಗಳು ಬೇಡ. ‘ಚೈನ್ ಎಲ್ಲಿ ಸಿಕ್ಕಿದೆ ಎಂದು ಮೊದಲು ನೋಡಿದ, ಆಮೇಲೆ ಪೆಡಲ್ ಹಿಂದಕ್ಕೆ ತಿರುಗಿಸಿದ’ ಎಂಬ ಹಾಗೆ ಕಂಡದ್ದನ್ನೇ ಬರೆಯಿರಿ. ಬಿಸಿಯೂಟದ ಸಾಲು, ಆಟದ ಬಯಲು ಎಲ್ಲವೂ ಅದರಲ್ಲಿ ಬರಲಿ. ಈಗ ನಿಮ್ಮ ಕೈಯಲ್ಲಿರುವುದು ‘ರಿಪೇರಿ ಹುಡುಗ’ನಲ್ಲ, ಕಾರಣ ಹುಡುಕಿ, ಕೆಲಸವನ್ನು ಕ್ರಮವಾಗಿ ಮಾಡಬಲ್ಲ ಹುಡುಗ. ಈ ವ್ಯತ್ಯಾಸವೇ ಮುಖ್ಯ. ಚೈನ್ ಪಾಠದೊಳಗೆ ಬರಲಾರದು, ಕ್ರಮ ಬರಬಲ್ಲದು.

ಚೈನ್ ಕೂರಿಸುವುದು ಹೇಗೆಂದು ಅವನು ಹೇಳಲಿ, ನೀವು ಅವನ ಮಾತಿನಲ್ಲೇ ಐದಾರು ವಾಕ್ಯ ಬರೆದುಕೊಳ್ಳಿ. ಮರುದಿನ ಅದೇ ಅವನ ಓದಿನ ಪಾಠ. ಅರ್ಥ ಮೊದಲೇ ಗೊತ್ತಿರುವುದರಿಂದ ತಲೆಯ ಮೇಲೆ ಉಳಿಯುವುದು ಅಕ್ಷರದ ಭಾರ ಮಾತ್ರ. ವಾಕ್ಯಗಳನ್ನು ಪಟ್ಟಿಗಳಾಗಿ ಕತ್ತರಿಸಿ ಕಲಸಿ ಕೊಡಿ, ಕ್ರಮಕ್ಕೆ ಜೋಡಿಸಲಿ. ಒತ್ತಕ್ಷರಕ್ಕೂ ಪದಗಳನ್ನು ಅಲ್ಲಿಂದಲೇ ಆರಿಸಿ. ಮೊದಲು ಸಜಾತೀಯ: ಹಲ್ಲು, ಎಣ್ಣೆ, ಸುತ್ತು. ಅವು ಗಟ್ಟಿಯಾದ ಮೇಲೆ ವಿಜಾತೀಯ: ಚಕ್ರ, ಬ್ರೇಕ್. ‘ಬ್ರೇಕ್’ನಲ್ಲಿ ಎಡವುವುದು ಸೋಮಾರಿತನದಿಂದಲ್ಲ. ‘ಏ’ ಸ್ವರ ಕೇಳಿಸುವುದು ರಕಾರದ ನಂತರ, ಆದರೆ ಏತ್ವದ ಗುರುತು ಕೂತಿರುವುದು ಬಕಾರಕ್ಕೆ. ಕಂಡ ಕ್ರಮದಲ್ಲೇ ಓದುವ ಮಗು ‘ಬೇರ್ಕ್’ ಎನ್ನುತ್ತದೆ. ಅರ್ಕಾವೊತ್ತು ಇದಕ್ಕೆ ಉಲ್ಟಾ: ‘ಸೂರ್ಯ’ದಲ್ಲಿ ಯಕಾರಕ್ಕೂ ಮೊದಲು ಉಚ್ಚರಿಸುವ ರಕಾರವನ್ನು ಆಮೇಲೆ ಬರೆಯುತ್ತೇವೆ. ಎರಡನ್ನೂ ಒಂದೇ ವಾರ ಕಲಿಸಬೇಡಿ. ಬ್, ರ್, ಏ ಎಂದು ಮೂರು ಬಿಡಿಚೀಟಿ ಮಾಡಿ, ಬಿಚ್ಚಿ ಜೋಡಿಸಲು ಬಿಡಿ. ಬಿಚ್ಚಿ ಜೋಡಿಸುವುದು ಅವನಿಗೆ ಒಲಿದ ಕೆಲಸ ತಾನೇ?

ವಾರಕ್ಕೆ ನಾಲ್ಕು ದಿನ, 15 ನಿಮಿಷ ಸಾಕು. ಉಳಿದವರು ಜೋಡಿಯಾಗಿ ಬರೆಯುವ ಹೊತ್ತಿನಲ್ಲಿ ಇದು ಸಾಧ್ಯ. ಆರು ವಾರವಾದರೂ ಬದಲಾವಣೆ ಕಾಣದಿದ್ದರೆ ಕಲಿಸುವ ರೀತಿ ಬದಲಿಸಿ, ಹುಡುಗನನ್ನು ದೂರಬೇಡಿ.

ಸಾಮಾನ್ಯವಾಗಿ ಕೆಡುವುದು ಎರಡು ಕಡೆ. ನಲ್ಲಿ ಸೋರಿದರೆ, ಬೆಂಚು ಅಲುಗಿದರೆ ಅವನನ್ನೇ ಕರೆಯುವುದು ಒಂದು. ಹೊಗಳಿಕೆಯ ಹೆಸರಿನಲ್ಲಿ ಪಾಠ ತಪ್ಪುತ್ತದೆ, ‘ಇವನು ಓದಿಗಲ್ಲ, ಕೈಕೆಲಸಕ್ಕೆ’ ಎಂಬ ತೀರ್ಪು ಮೆಲ್ಲಗೆ ಗಟ್ಟಿಯಾಗುತ್ತದೆ. ಇನ್ನೊಂದು, ಸಾಮರ್ಥ್ಯ ಸಿಕ್ಕಿತೆಂದು ಸೌಲಭ್ಯ ಮರೆಯುವುದು. ಡಿಸ್ಲೆಕ್ಸಿಯಾ ಸೇರುವ ‘ನಿರ್ದಿಷ್ಟ ಕಲಿಕಾ ನ್ಯೂನತೆ’ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಒಂದು. ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವಿಗೆ ಪ್ರಮಾಣಪತ್ರ ಬೇಕು. ಎಸ್ಸೆಸ್ಸೆಲ್ಸಿ ವರ್ಷಕ್ಕೆ ಕಾಯದೆ ಈಗಲೇ ಹೆತ್ತವರೊಂದಿಗೆ ಮಾತಾಡಿ.

ಪ್ರಶ್ನೆ: ಎಂಟನೇ ತರಗತಿಯ ಮಗಳು ಆಟಿಸ್ಟಿಕ್ (ಆಟಿಸಂ, ಅಂದರೆ ಸ್ವಲೀನತೆ ಇರುವವಳು). ರೈಲು ವೇಳಾಪಟ್ಟಿ ಎಂದರೆ ಪ್ರಾಣ. ‘ಗಣಿತ ಮುಗಿಸಿದರೆ ಮಾತ್ರ ರೈಲು’ ಎಂಬ ನಿಯಮ ಮಾಡಿ ಎಂದು ಸಲಹೆ ಬಂದಿದೆ. ಸರಿಯೇ?
– ತಾಯಿ, ಮೈಸೂರು

ಉತ್ತರ: ಬೇಡ. ಶಾಲೆಯ ಗದ್ದಲ ಮುಗಿಸಿ ಬಂದ ಮಗಳಿಗೆ ಆ ವೇಳಾಪಟ್ಟಿಯೇ ವಿಶ್ರಾಂತಿ. ಗಣಿತ ಬಾರದ ದಿನವೇ ಅವಳಿಗೆ ಅದು ಹೆಚ್ಚು ಬೇಕು, ಈ ನಿಯಮ ಅದೇ ದಿನ ಕಿತ್ತುಕೊಳ್ಳುತ್ತದೆ. ಶಾಲೆಯಿಂದ ಬಂದ ಮೇಲೆ 20 ನಿಮಿಷ ಯಾವ ಷರತ್ತೂ ಇಲ್ಲದೆ ರೈಲಿಗೆ ಎಂದು ದಿನಚರಿಯಲ್ಲಿ ಬರೆದು ಗೋಡೆಗೆ ಅಂಟಿಸಿ.

ಗಣಿತಕ್ಕೆ ರೈಲು ಬಳಸಬಹುದು, ಅವಳನ್ನು ಕೇಳಿ. ಮೈಸೂರು–ಬೆಂಗಳೂರು ಸುಮಾರು 140 ಕಿ.ಮೀ., 2 ಗಂಟೆ 20 ನಿಮಿಷಕ್ಕೆ ತಲುಪಿದರೆ ಸರಾಸರಿ ವೇಗವೆಷ್ಟು? 2.20 ಎಂದು ಭಾಗಿಸಿದರೆ ತಪ್ಪುತ್ತದೆ, ಏಕೆಂದರೆ 20 ನಿಮಿಷ ಗಂಟೆಯ ಮೂರನೇ ಒಂದು ಭಾಗ. ಮೊದಲು 140 ನಿಮಿಷ ಮಾಡಿಕೊಂಡರೆ ಉತ್ತರ ತಾನಾಗಿ ಕಾಣುತ್ತದೆ: ನಿಮಿಷಕ್ಕೊಂದು ಕಿಲೋಮೀಟರ್, ಗಂಟೆಗೆ 60. ವಾರಕ್ಕೆ ಇಂಥ ಎರಡು ಲೆಕ್ಕ ಸಾಕು. ಪ್ರತಿ ರೈಲಿಗೂ ಒಂದು ಪ್ರಶ್ನೆ ಕಟ್ಟಿದರೆ ಅವಳ ರೈಲೂ ಹೋಮ್‌ವರ್ಕ್ ಆಗಿಬಿಡುತ್ತದೆ.

ಗೆಳತಿಯರ ಮುಂದೆ ರೈಲಿನ ಮಾತು ಆಡಬೇಡ ಎಂದು ಕಲಿಸಬೇಡಿ. ಆಟಿಸ್ಟಿಕ್ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲೇ ವಾದಿಸಿದ ಹಾಗೆ, ಒಬ್ಬರಿಗೊಬ್ಬರು ಅರ್ಥವಾಗದಿರುವುದು ಆಟಿಸ್ಟಿಕ್ ಆದವರು, ಅಲ್ಲದವರು ಎರಡೂ ಕಡೆಯ ಸಮಸ್ಯೆ. ಶಾಲಾ ಪ್ರವಾಸದ ವೇಳಾಪಟ್ಟಿ ಮಾಡುವ ಕೆಲಸವನ್ನು ಅವಳಿಗೂ ಇನ್ನೊಬ್ಬಳಿಗೂ ಹಂಚಿಕೊಡಲು ಶಾಲೆಯನ್ನು ಕೇಳಿ. ಯಾರು ಏನು ಮಾಡಬೇಕೆಂದು ಬರೆದಿರಲಿ.

ಪ್ರಶ್ನೆ: ಹತ್ತು ವರ್ಷದ ಮಗನಿಗೆ ಎಡಿಎಚ್‌ಡಿ (ಗಮನ ನಿಲ್ಲಿಸುವುದು, ಚಡಪಡಿಕೆ ತಡೆಯುವುದು ಕಷ್ಟವಾಗುವ ಸ್ಥಿತಿ) ಇದೆ ಎಂದು ಹೇಳಬೇಕೇ? ಅದನ್ನೇ ನೆಪ ಮಾಡಿಕೊಳ್ಳುತ್ತಾನೆ ಎನ್ನುತ್ತಾರೆ ಮನೆಯ ಹಿರಿಯರು.
– ತಂದೆ, ದಾವಣಗೆರೆ

ಉತ್ತರ: ಹೇಳಿ. ‘ಸೋಮಾರಿ’, ‘ಮಂಗ’ ಎಂಬ ಹೆಸರುಗಳು ಅವನಿಗೆ ಈಗಾಗಲೇ ಸಿಕ್ಕಿರುತ್ತವೆ, ಅವುಗಳಿಗಿಂತ ಇದು ವಾಸಿ. ಮೂರು ಮಾತು ಸಾಕು: ಯಾವುದು ಸುಲಭ, ಯಾವುದು ಕಷ್ಟ, ಏನು ನೆರವು. ‘ಹೊಸ ಆಟ ನಿನಗೆ ಬೇಗ ಹೊಳೆಯುತ್ತೆ. ಒಂದೇ ಥರದ ಕೆಲಸ ಶುರು ಮಾಡೋದು ಕಷ್ಟ, ಮಿದುಳು ಕೆಲಸ ಮಾಡೋ ರೀತಿ ಹಾಗಿದೆ, ಅದಕ್ಕೆ ಎಡಿಎಚ್‌ಡಿ ಅಂತಾರೆ. ಹತ್ತು ನಿಮಿಷದ ಟೈಮರ್ ಇಟ್ಟುಕೊಂಡು ಇಬ್ಬರೂ ಸೇರಿ ಶುರು ಮಾಡೋಣ.’ ಮೂರನೆಯದನ್ನು ಬಿಟ್ಟಾಗಲೇ ಅದು ನೆಪವಾಗುವುದು. ‘ಇದು ನಿನ್ನ ಸೂಪರ್ ಪವರ್’ ಎನ್ನಬೇಡಿ. ಲೆಕ್ಕ ಅರ್ಧಕ್ಕೆ ನಿಂತ ದಿನ ಆ ಮಾತು ಅವನನ್ನೇ ಚುಚ್ಚುತ್ತದೆ. ಬೈದ ದಿನ, ಅಂಕಪಟ್ಟಿ ಬಂದ ದಿನ ಈ ಮಾತು ತೆಗೆಯಬೇಡಿ. ತರಗತಿಗೆ ತಿಳಿಸುವುದು ಅವನು ಒಪ್ಪಿದರೆ ಮಾತ್ರ.

ಪ್ರಶ್ನೆ: ಸಾಮರ್ಥ್ಯ ಅಳೆಯುವ ಪ್ರಶ್ನಾವಳಿ ಮಾಡಿಸಬಹುದೇ?
– ಪ್ರೌಢಶಾಲಾ ಶಿಕ್ಷಕ, ಶಿವಮೊಗ್ಗ

ಉತ್ತರ: ಮನೋವಿಜ್ಞಾನಿಗಳಾದ ಪೀಟರ್ಸನ್ ಮತ್ತು ಸೆಲಿಗ್ಮನ್ 2004ರಲ್ಲಿ ಪಟ್ಟಿ ಮಾಡಿದ 24 ಗುಣಗಳ ಮೇಲಿನ ಪ್ರಶ್ನಾವಳಿ ಪ್ರಸಿದ್ಧ. ಆದರೆ ಓದು ಕಷ್ಟವಾದ ಮಗು ಅರ್ಧದಲ್ಲೇ ದಣಿದು ಸಿಕ್ಕಿದ್ದಕ್ಕೆ ಗುರುತು ಹಾಕುತ್ತದೆ. ಎಡಿಎಚ್‌ಡಿ ಇರುವ ಮಗುವಿನ ಪಟ್ಟಿಯಲ್ಲಿ ಛಲ, ಸ್ವನಿಯಂತ್ರಣ ತಳಕ್ಕೆ ಬಿದ್ದರೆ ‘ಇವು ನನ್ನಲ್ಲಿಲ್ಲ’ ಎಂದೇ ಅದು ಓದಿಕೊಳ್ಳುತ್ತದೆ. ಅದರ ಬದಲು 24 ಗುಣಗಳನ್ನು ಆಡುಗನ್ನಡದಲ್ಲಿ ಒಂದೊಂದು ಚೀಟಿಗೆ ಬರೆಯಿರಿ: ‘ಬಿಡದೆ ಹಿಡಿಯೋದು’, ‘ಯಾಕೆ ಅಂತ ಕೇಳೋದು’. ಐದನ್ನು ಮಗುವೇ ಆರಿಸಲಿ, ಪ್ರತಿಯೊಂದಕ್ಕೂ ಈ ತಿಂಗಳ ಒಂದು ಘಟನೆ ಹೇಳಲಿ. ಘಟನೆ ನೆನಪಾಗದ ಚೀಟಿಯನ್ನು ಸುಮ್ಮನೆ ಉಳಿದ ಚೀಟಿಗಳ ಜೊತೆ ಸೇರಿಸಿಬಿಡಿ.